ಪಟ್ಟಿಗೆ ಸೇರಿಸೋದಲ್ಲ, ಕತ್ತರಿ ಹಾಕಿ

ಪ್ರಶ್ನೆ: ಜನವರಿ ಕೊನೆಯಲ್ಲಿ ನಮ್ಮ ಶಾಲೆಯ 18 ಶಿಕ್ಷಕರನ್ನು ಎರಡು ದಿನ ತೀರ್ಥಹಳ್ಳಿ ಹತ್ತಿರದ ಹೋಂಸ್ಟೇಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಅದು ಸುಮ್ನೆ ಟ್ರಿಪ್ ಆಗಬಾರದು. ಬೆಳಿಗ್ಗೆ 5.30ಕ್ಕೆ ಯೋಗ, ಚಾರಣ, ಉಪನ್ಯಾಸ, ಗುಂಪು ಆಟ, ಕಾಡಿನೊಳಗೆ ಒಂದು ಗಂಟೆ ಮೌನ, ಸಂಜೆ ಆಗುಂಬೆ ಸೂರ್ಯಾಸ್ತ, ರಾತ್ರಿ ಕ್ಯಾಂಪ್‌ಫೈರ್ ಅಂತ ಬರೆದಿಟ್ಟಿದ್ದೇನೆ. ಇನ್ನೇನು ಸೇರಿಸಲಿ?
– ಒಬ್ಬ ಶಿಕ್ಷಕಿ, ದಾವಣಗೆರೆ

ಉತ್ತರ: ಮೇಡಂ, ಇದು ನಿಮ್ಮ ಶಾಲೆಯ ಟೈಮ್ ಟೇಬಲ್ಲೇ ಅಲ್ವಾ, ಬೆಲ್ ಒಂದೇ ಇಲ್ಲ! ಉಪನ್ಯಾಸ ತೆಗೆದುಹಾಕಿ. ವರ್ಷವಿಡೀ ಮಾತಾಡಿ ಗಂಟಲು ಒಣಗಿದವರಿಗೆ ಕಾಡಿಗೆ ಹೋದ ಮೇಲೂ ಭಾಷಣ ಯಾಕೆ? ಗುಂಪು ಆಟ ಬಸ್ಸಿನಲ್ಲೇ ಮುಗಿಯಲಿ. ಆಗುಂಬೆಗೆ ಮೂವತ್ತು ಕಿಲೋಮೀಟರ್ ದಾಟುತ್ತದೆ, ಹೋಗಿ ಬರುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಹತ್ತಿರವೇ ಕುಪ್ಪಳಿಯ ಕವಿಶೈಲವಿದೆ, ಅಲ್ಲಿಯ ಬಂಡೆ ಮೇಲೆ ಕೂತರೂ ಸೂರ್ಯ ಮುಳುಗುತ್ತಾನೆ. ಶನಿವಾರ, ಭಾನುವಾರ ಜನ ಜಾಸ್ತಿ, ವಾರದ ನಡುವೆ ಹೋಗಿ.

ಮೌನದ ಗಂಟೆ ಮಾತ್ರ ಬಿಡಬೇಡಿ, ನಿಮ್ಮ ಪಟ್ಟಿಯಲ್ಲಿ ನನಗೆ ಇಷ್ಟವಾಗಿದ್ದು ಅದೊಂದೇ. ಆದರೆ ಜಾಗ ಬದಲಿಸಿ. ಆ ಕಡೆ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. 1957ರಲ್ಲಿ ಇದು ಮೊದಲು ಪತ್ತೆಯಾಗಿದ್ದೂ ಅದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ರೋಗ ಹರಡುವ ಉಣುಗುಗಳು ಒಣ ತರಗೆಲೆಯಲ್ಲಿರುತ್ತವೆ, ನೀವು ಎಲ್ಲರನ್ನೂ ಕಣ್ಣು ಮುಚ್ಚಿಸಿ ಕೂರಿಸಬೇಕು ಅಂದುಕೊಂಡಿದ್ದು ಬಹುಶಃ ಅದರ ಮೇಲೇ! ಹೊರಡುವ ಮೊದಲು ಹೋಂಸ್ಟೇಯವರಿಗೆ ಫೋನ್ ಮಾಡಿ, ಸುತ್ತಮುತ್ತ ಮಂಗ ಸತ್ತಿದೆಯಾ, ಯಾರಿಗಾದರೂ ಜ್ವರ ಬಂದಿದೆಯಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಊರನ್ನೇ ಬದಲಿಸಿ. ಇಲ್ಲ ಅಂದರೂ ಕಾಡಿನೊಳಗಿನ ಚಾರಣ ಬೇಡ, ಅಂಗಳದಲ್ಲಿ ಕುರ್ಚಿ ಹಾಕಿ ಅಥವಾ ಬೋಳು ಬಂಡೆ ನೋಡಿ. ತುಂಬು ತೋಳಿನ ಬಟ್ಟೆ ಇರಲಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ ಸಿಗುತ್ತದಾ ಅಂತ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಇನ್ನು ಕೂರಿಸುವ ರೀತಿ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬಾರದು, ಸೀಟಿ ಊದಿದರೆ ಮಾತ್ರ ಎಲ್ಲರಿಗೂ ಕೇಳಬೇಕು. ಮೊದಲ ಸಲಕ್ಕೆ ಅರ್ಧ ಗಂಟೆ ಸಾಕು. ಶುರುವಿನಲ್ಲಿ ಎಲ್ಲರೂ ಚಡಪಡಿಸುತ್ತಾರೆ, ಜೇಬಿಗೆ ಕೈ ಹಾಕುತ್ತಾರೆ, ಆಗ ನೀವು ಮಧ್ಯೆ ಹೋಗಿ ಉಸಿರಾಟ ಗಮನಿಸಿ ಅಂತೆಲ್ಲ ಶುರು ಮಾಡಬೇಡಿ, ಸ್ವಲ್ಪ ಹೊತ್ತಿಗೆ ಕುಟ್ರುಹಕ್ಕಿ ಕೂಗು ತಾನಾಗಿ ಕಿವಿಗೆ ಬೀಳುತ್ತದೆ. ಮುಗಿದ ಮೇಲೆ ಎಲ್ಲರನ್ನೂ ವೃತ್ತದಲ್ಲಿ ನಿಲ್ಲಿಸಿ ಅನುಭವ ಹೇಳಿ ಅನ್ನುವ ಶಿಕ್ಷೆಯಂತೂ ಬೇಡವೇ ಬೇಡ. ಕಾಫಿ ಕೊಡಿ, ಹೇಳುವವರು ಹೇಳುತ್ತಾರೆ.

ಕ್ಯಾಂಪ್‌ಫೈರ್ ಬದಲು ಒಂದು ಸಲಹೆ. ಅದು ಅಡಿಕೆ ಕೊಯ್ಲಿನ ಕಾಲ. ಮನೆಯವರು ಒಪ್ಪಿದರೆ ರಾತ್ರಿ ಅಡಿಕೆ ಸುಲಿಯುವವರ ಪಕ್ಕ ಕೂತುಕೊಳ್ಳಿ. ಮೆಟ್ಟುಗತ್ತಿಯ ಮೇಲೆ ಅವರ ಕೈ ಓಡುವ ವೇಗ ನೋಡುತ್ತಿದ್ದರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಮಾತು ಬೇಕಾದವರಿಗೆ ಮಾತೂ ಸಿಗುತ್ತದೆ. ಫೋಟೊ ಮಾತ್ರ ಕೇಳಿಯೇ ತೆಗೆಯಿರಿ.

ಒಂದು ಗಾಡಿ ಸದಾ ಹೋಂಸ್ಟೇ ಬಳಿಯೇ ಇರಲಿ, ಅಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ. ಊರಿಗೆ ಮರಳಿದ ಮೇಲೆ ವಾರ, ಹತ್ತು ದಿನದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಬೇಕು, ಮಲೆನಾಡಿಗೆ ಹೋಗಿದ್ದೆ ಅಂತ ಹೇಳಬೇಕು. ಇದನ್ನು ಹೊರಡುವ ದಿನವೇ ನಿಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡಿ.