ಅತ್ತೆ ನನ್ನನ್ನೇ ಕಳ್ಳಿ ಅಂತಾರೆ, ಆಣೆ ಮಾಡಿಬಿಡಲೇ?

ಪ್ರಶ್ನೆ: ಉಡುಪಿ ಹತ್ತಿರದ ಹಳ್ಳಿಯವಳು ನಾನು, ವಯಸ್ಸು 43. ಗಂಡ ಕುವೈತ್‌ನಲ್ಲಿದ್ದಾರೆ. ಮನೆಯಲ್ಲಿ ನಾನು, ಮಗ, 74 ವರ್ಷದ ಅತ್ತೆ. ಒಂದು ವರ್ಷದಿಂದ ಅತ್ತೆ ಬದಲಾಗಿದ್ದಾರೆ. ಕೇಳಿದ್ದನ್ನೇ ಕೇಳುತ್ತಾರೆ, ಸಂಜೆಯಾದರೆ "ಮನೆಗೆ ಹೋಗಬೇಕು" ಅಂತ ಚೀಲ ಹಿಡಿದು ಹೊರಡುತ್ತಾರೆ. ಈಗ ಎರಡು ಪವನಿನ ಬಳೆ ನಾನೇ ಕದ್ದೆ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದ್ದಾರೆ. ಬಳೆ ಕುಚ್ಚಲಕ್ಕಿ ಡಬ್ಬದಲ್ಲಿ ಸಿಕ್ಕಿತು. "ಹೆದರಿ ತಂದಿಟ್ಟಿದ್ದಾಳೆ" ಅಂದರು. ಮಂಗಳೂರಿನ ನಾದಿನಿಯೂ ಅದನ್ನೇ ನಂಬಿದ್ದಾಳೆ. ಗಂಡ "ಫೋನಿನಲ್ಲಿ ಅಮ್ಮ ಚೆನ್ನಾಗಿಯೇ ಮಾತಾಡ್ತಾರಲ್ಲ" ಅನ್ನುತ್ತಾರೆ. ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿಬಿಡಲೇ?

ಉತ್ತರ: ಬೇಡ. ಮಂಜುನಾಥನ ಮುಂದೆ ನಿಂತು ನೀವು ಸಾಬೀತು ಮಾಡಬೇಕಾದದ್ದು ಏನೂ ಇಲ್ಲ. ಬಳೆಯನ್ನು ಡಬ್ಬಕ್ಕೆ ಹಾಕಿದ್ದೇ ಅತ್ತೆಗೆ ನೆನಪಿಲ್ಲ, ಇನ್ನು ನೀವು ಆಣೆ ಮಾಡಿದ್ದು ಎಷ್ಟು ದಿನ ನೆನಪಿದ್ದೀತು?

ಅವರ ಕಡೆಯಿಂದ ಸ್ವಲ್ಪ ನೋಡಿ. ಬಳೆ ಜೋಪಾನವಾಗಿರಲಿ ಅಂತ ಎಲ್ಲೋ ಇಟ್ಟರು, ಇಟ್ಟದ್ದು ಮರೆತೇ ಹೋಯಿತು. ಅವರಿಗೆ ಗೊತ್ತಿರುವುದು ಇಷ್ಟೇ: ಬಳೆ ಇತ್ತು, ಈಗ ಇಲ್ಲ. ಹಾಗಾದರೆ ಯಾರೋ ತೆಗೆದಿರಬೇಕು, ಮನೆಯಲ್ಲಿ ಇಡೀ ದಿನ ಇರುವವರು ನೀವು. ಅದಕ್ಕೇ ಆರೋಪ ಬರುವುದು ಹೆಚ್ಚಾಗಿ ಆರೈಕೆ ಮಾಡುವವರ ಮೇಲೆಯೇ. ಮರೆವಿನ ಕಾಯಿಲೆಯಾದ ಅಲ್ಝೈಮರ್‌ಗೆ ಯಾರ ಹೆಸರಿಟ್ಟಿದ್ದಾರೋ ಆ ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಝೈಮರ್ 1901ರಲ್ಲಿ ನೋಡಿದ 51 ವರ್ಷದ ಆ ಹೆಂಗಸಿನಲ್ಲೂ ಮೊದಲು ಕಾಣಿಸಿದ್ದು ಗಂಡನ ಮೇಲಿನ ಸಂಶಯವೇ.

ಆದರೆ ನಿಮ್ಮ ಅತ್ತೆಗೆ ಅದೇ ಕಾಯಿಲೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸಿಗೆ ಖಿನ್ನತೆ ಹಿಡಿದರೂ, ಕಿವಿ ಮಂದವಾದರೂ ಹೀಗೆ ಕಾಣಬಹುದು. ಬಿದ್ದು ತಲೆಗೆ ಪೆಟ್ಟಾಗಿದ್ದರೆ ಕೆಲವು ವಾರ ಕಳೆದು ಒಳಗೆ ರಕ್ತ ನಿಂತಿರುವುದು ಗೊತ್ತಾಗುವುದುಂಟು. ಇವುಗಳಲ್ಲಿ ಜಾಸ್ತಿಯವಕ್ಕೆ ಚಿಕಿತ್ಸೆ ಇದೆ. ಇನ್ನೊಂದು ಮಾತು, ಎರಡು-ಮೂರು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿಯಾದರೆ, ಮಂಪರು ಬಂದರೆ, ಅದು ಮೂತ್ರದ ಸೋಂಕೋ ಸೋಡಿಯಂ ಇಳಿದದ್ದೋ ಇರಬಹುದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಣಿಪಾಲದ ಕೆಎಂಸಿಯೋ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯೋ, ನಿಮಗೆ ಯಾವುದು ಅನುಕೂಲವೋ ಅಲ್ಲಿ ತೋರಿಸಿ. "ಮರೆವಿಗೆ ಔಷಧಿ ತರೋಣ" ಅಂದರೆ ಅವರು ಬರುವುದಿಲ್ಲ, "ಬಿಪಿ ತೋರಿಸಿ ಬರೋಣ" ಅನ್ನಿ. ಒಂದು ವರ್ಷದಿಂದ ಏನೇನು ಬದಲಾಗಿದೆ ಅಂತ ಚೀಟಿಯಲ್ಲಿ ಬರೆದು ಮೊದಲೇ ಡಾಕ್ಟರ್ ಕೈಗೆ ಕೊಡಿ, ಅತ್ತೆಯ ಎದುರು ಹೇಳಿದರೆ ಅವರಿಗೆ ಅವಮಾನವಾಗುತ್ತದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ. ನೆಗಡಿಗೆ, ನಿದ್ದೆಗೆ ಅಂತ ಮೆಡಿಕಲ್‌ನಿಂದ ತಂದ ಮಾತ್ರೆಗಳೂ ಇರಲಿ, ಕೆಲವು ವಯಸ್ಸಾದವರ ಮರೆವನ್ನು ಜಾಸ್ತಿ ಮಾಡುತ್ತವೆ. ಮನೆಯವರು ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸೋಣ ಅಂದರೆ ಇಡಿಸಲಿ, ಆದರೆ ರಕ್ತಪರೀಕ್ಷೆ ಮೊದಲು ಆಗಲಿ.

ಅಲ್ಲಿವರೆಗೆ ಮನೆಯಲ್ಲಿ ವಾದ ಮಾಡಬೇಡಿ. ಕಷ್ಟ, ಗೊತ್ತು. "ನಾನು ತೆಗೆದಿಲ್ಲ" ಅನ್ನುವ ಬದಲು "ಬಳೆ ಕಾಣ್ತಿಲ್ವಾ ಅತ್ತೆ, ಬನ್ನಿ, ಇಬ್ಬರೂ ಹುಡುಕೋಣ" ಅನ್ನಿ. ಅವರು ಬಚ್ಚಿಡುವ ಜಾಗ ನಿಮಗೆ ಗೊತ್ತಿರುತ್ತದೆ, ಆ ಡಬ್ಬದ ಮುಚ್ಚಳ ಅವರೇ ತೆಗೆಯಲಿ, ಅವರ ಕೈಗೇ ಸಿಗಲಿ. ಚಿನ್ನವನ್ನು ನಾದಿನಿಯ ಎದುರೇ ಫೋಟೋ ತೆಗೆದು ಲಾಕರ್‌ನಲ್ಲಿಡಿ.

ಸಂಜೆಯ ಚಡಪಡಿಕೆ ಈ ತೊಂದರೆ ಇರುವ ಎಷ್ಟೋ ಜನರಿಗೆ ಇರುತ್ತದೆ. ಕತ್ತಲಾಗುವ ಮೊದಲೇ ಲೈಟ್ ಹಾಕಿ. ಮಲ್ಲಿಗೆ ಮೊಗ್ಗು, ಬಾಳೆನಾರು ಮುಂದಿಟ್ಟು ಕೂರಿಸಿ. ಬೆಳಿಗ್ಗೆ ತಿಂದದ್ದು ಮರೆತವರೂ ನಾರನ್ನು ಒದ್ದೆ ಮಾಡಿ, ಎರಡೆರಡು ಮೊಗ್ಗು ಜೋಡಿಸಿ, ಗಂಟು ಬಿಗಿಯುತ್ತ ಚೆಂದಕ್ಕೆ ಕಟ್ಟುತ್ತಾರೆ, ಕೈಗೆ ರೂಢಿಯಾದದ್ದು ಅಷ್ಟು ಬೇಗ ಹೋಗುವುದಿಲ್ಲ. "ಮನೆಗೆ" ಅಂದರೆ "ಇದೇ ನಿಮ್ಮ ಮನೆ" ಅಂತ ತಿದ್ದದೆ, ತವರಿನಲ್ಲಿ ಯಾರ್ಯಾರಿದ್ದರು ಅಂತ ಕೇಳಿ. ಬಾವಿಗೆ ಮುಚ್ಚಳ ಹಾಕಿಸಿ. ಅವರ ಚೀಲದೊಳಗೆ ನಿಮ್ಮ ನಂಬರ್ ಇರುವ ಚೀಟಿ ಇಡಿ. ಅಕ್ಕಪಕ್ಕದವರಿಗೆ ನೀವೇ ಹೋಗಿ ಹೇಳಿ: ಅತ್ತೆಗೆ ಮರೆವು ಶುರುವಾಗಿದೆ, ಒಬ್ಬರೇ ಹೊರಟದ್ದು ಕಂಡರೆ ಫೋನ್ ಮಾಡಿ.

ಗಂಡ ಸುಳ್ಳು ಹೇಳುತ್ತಿಲ್ಲ. ಊಟ ಆಯ್ತಾ, ಮಳೆ ಇದೆಯಾ ಅನ್ನುವ ಹತ್ತು ನಿಮಿಷದ ಮಾತನ್ನು ಇಂಥವರು ಸಲೀಸಾಗಿ ಆಡುತ್ತಾರೆ. ಅದಕ್ಕೇ ನಾದಿನಿಯನ್ನು ಒಂದು ವಾರ ಬಂದು ಇರು ಅಂತ ಕರೆಯಿರಿ, ಹಗಲು ಬಂದು ಸಂಜೆ ಬಸ್ಸು ಹತ್ತುವುದಲ್ಲ, ರಾತ್ರಿಯೂ ಅತ್ತೆಯ ಕೋಣೆಯಲ್ಲೇ ಮಲಗಬೇಕು. ಆ ವಾರ ನೀವು ತವರಿಗೆ ಹೋಗಿ ಸುಮ್ನೆ ನಿದ್ದೆ ಮಾಡಿ. ತೀರಾ ಸಾಕಾಗಿ ಹೋದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾದಿನಿ ಆಗುವುದಿಲ್ಲ ಅಂದರೆ ಗಂಡನಿಗೆ ರಜೆ ಹಾಕಿ ಬರಲು ಹೇಳಿ. ಅವರ ತಾಯಿ ತಾನೇ, ಡಾಕ್ಟರ್ ಎದುರು ಮಗನೂ ಕೂರಲಿ.