ಉರಿಯೂತ ತಗ್ಗಿಸಿದರೆ ಕ್ಯಾನ್ಸರ್ ಬರುವುದಿಲ್ಲವೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಂತೆ ಹೀಗಿದೆ: ಅಣ್ಣನಿಗೆ ಒಂಬತ್ತು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಬಹುಕಾಲ ಉಳಿಯುವ ಉರಿಯೂತದ ಕಾಯಿಲೆ ಇದೆ. ಬಹುಕಾಲದ ಉರಿಯೂತ ಕ್ಯಾನ್ಸರಿಗೆ ದಾರಿ ಎಂದು ಎಲ್ಲೋ ಓದಿ ಗಾಬರಿಯಾಗಿದ್ದಾರೆ. ವೈದ್ಯರು ಬರೆದುಕೊಟ್ಟ, ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಔಷಧ ಬಿಟ್ಟು ಅರಿಶಿನದ ಕ್ಯಾಪ್ಸೂಲ್ ಹಿಡಿದಿದ್ದಾರೆ. ಉರಿಯೂತ ತಗ್ಗಿದರೆ ಸಾಕಲ್ಲವೇ, ಯಾವುದರಿಂದ ತಗ್ಗಿದರೇನು ಎಂದು ಕೇಳಿದ್ದೀರಿ.

ನಾನು ರೋಗಿಗಳನ್ನು ನೋಡುವ ವೈದ್ಯೆಯಲ್ಲ. ಪ್ರತಿರಕ್ಷಣಾ ಜೀವಕೋಶಗಳ ಒಳಗೆ ಸಂಕೇತಗಳು ಹೇಗೆ ಸಾಗುತ್ತವೆ ಎಂಬುದನ್ನು ಪ್ರಯೋಗಾಲಯದಲ್ಲಿ ನೋಡುವುದು ನನ್ನ ಕೆಲಸ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇನೆ: ವೈದ್ಯರನ್ನು ಕೇಳದೆ ಆ ಔಷಧ ಬಿಡಬಾರದು. ಯಾಕೆಂದು ಹೇಳಲು ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಅಣ್ಣ ಓದಿದ್ದು ಸುಳ್ಳಲ್ಲ. ಕ್ಯಾನ್ಸರ್ ಗಡ್ಡೆಗಳೊಳಗೆ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 1863ರಲ್ಲೇ ಗಮನಿಸಿದ್ದರು. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜಠರವನ್ನು ವರ್ಷಗಟ್ಟಲೆ ಕೆರಳಿಸಿದರೆ ಜಠರದ ಕ್ಯಾನ್ಸರ್ ಬರಬಹುದು, ಹೆಪಟೈಟಿಸ್ ಬಿ ವೈರಸ್ ಯಕೃತ್ತಿನಲ್ಲಿ ಬೀಡುಬಿಟ್ಟರೆ ಯಕೃತ್ತಿನ ಕ್ಯಾನ್ಸರ್ ಬರಬಹುದು. ನಮ್ಮ ಊರುಗಳಲ್ಲಿ ಗುಟ್ಕಾ ಹಾಕುವವರ ಬಾಯಿ ವರ್ಷ ಕಳೆದಂತೆ ಬಿಗಿಯಾಗಿ, ಎರಡು ಬೆರಳು ತೂರದಷ್ಟು ಕಿರಿದಾಗುವುದನ್ನು ನೀವೂ ನೋಡಿರಬಹುದು. ಅದೂ ಇದೇ ಸಾಲಿನದು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಎಷ್ಟು ಭಾಗ ಕೆಟ್ಟಿದೆ, ಎಷ್ಟು ವರ್ಷಗಳಿಂದ ಕೆಟ್ಟಿದೆ ಎಂಬುದಕ್ಕೆ ತಕ್ಕಂತೆ ಅಪಾಯ ಏರುತ್ತದೆ. ಇಲ್ಲಿಯವರೆಗೆ ಸರಿ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಉರಿಯೂತವೆಂದರೆ ಜ್ವರದ ಹಾಗೆ ಏರುವ, ಇಳಿಯುವ ಒಂದೇ ಅಳತೆ, ಅದನ್ನು ಇಳಿಸುವುದಷ್ಟೇ ಕೆಲಸ ಎಂದು ಜಾಹೀರಾತುಗಳು ನಂಬಿಸಿವೆ. ಒಳಗೆ ನಡೆಯುವುದು ಬೇರೆ.

ನಮ್ಮ ಕ್ಷೇತ್ರದಲ್ಲಿ ದಿನ ಬೆಳಗಾದರೆ ಕೇಳುವ ಹೆಸರು ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿದ್ದ ರಂಜನ್ ಸೇನ್ ಇದನ್ನು ಕಂಡುಹಿಡಿದರು. ಇದು ನೂರಾರು ಜೀನ್‌ಗಳನ್ನು ಚಾಲೂ ಮಾಡಬಲ್ಲ ಪ್ರೊಟೀನು. ಸುಮ್ಮನಿರುವ ಜೀವಕೋಶದಲ್ಲಿ ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೊಟೀನು ಇದನ್ನು, ಗೂಟಕ್ಕೆ ಕಟ್ಟಿದ ದನದ ಹಾಗೆ, ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ. ಬ್ಯಾಕ್ಟೀರಿಯಾದ ಸುಳಿವೋ ಟಿಎನ್‌ಎಫ್ ಎಂಬ ಉರಿಯೂತದ ಪ್ರೊಟೀನಿನಂಥ ಸಂಕೇತವೋ ಬಂದೊಡನೆ ಐಕೆಕೆ ಎಂಬ ಕಿಣ್ವ ಐ-ಕಪ್ಪಾ-ಬಿಗೆ ಫಾಸ್ಫೇಟ್ ಗುರುತು ಹಾಕುತ್ತದೆ. ಗುರುತು ಬಿದ್ದ ಪ್ರೊಟೀನನ್ನು ಜೀವಕೋಶವೇ ಕತ್ತರಿಸಿ ಹಾಕುತ್ತದೆ. ಎನ್‌ಎಫ್-ಕಪ್ಪಾ-ಬಿ ಬಿಡುಗಡೆಯಾಗಿ ಕೋಶಕೇಂದ್ರಕ್ಕೆ ನುಗ್ಗುತ್ತದೆ.

ಇದನ್ನು ಕಣ್ಣಾರೆ ನೋಡುವ ಪ್ರಯೋಗ ಹಳೆಯದು, ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ನಾವು ಮೊದಲು ಕಲಿಸುವುದೂ ಇದನ್ನೇ. ಜೀವಕೋಶಗಳಿರುವ ತಟ್ಟೆಗಳಿಗೆ ಟಿಎನ್‌ಎಫ್ ಹಾಕಿ, ಗಡಿಯಾರ ಹಿಡಿದು 5, 15, 30, 60 ನಿಮಿಷಗಳಿಗೆ ಒಂದೊಂದು ತಟ್ಟೆಯನ್ನು ಮಂಜುಗಡ್ಡೆಯ ಮೇಲಿಟ್ಟು ಜೀವಕೋಶಗಳನ್ನು ಒಡೆಯುತ್ತೇವೆ. ಪ್ರೊಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಪೊರೆಗೆ ಇಳಿಸಿ, ಐ-ಕಪ್ಪಾ-ಬಿಯನ್ನು ಗುರುತಿಸುವ ಪ್ರತಿಕಾಯ ಹಾಕುತ್ತೇವೆ. ಟಿಎನ್‌ಎಫ್ ಹಾಕದ ಸಾಲಿನಲ್ಲಿ ದಟ್ಟವಾದ ಕಪ್ಪು ಪಟ್ಟಿ ಕಾಣುತ್ತದೆ. 15ನೇ ನಿಮಿಷದ ಸಾಲಿನಲ್ಲಿ ಅದು ಬಹುಪಾಲು ಮಾಯ. 60ನೇ ನಿಮಿಷದಲ್ಲಿ ಮತ್ತೆ ಪ್ರತ್ಯಕ್ಷ. ಯಾಕೆಂದರೆ ಎನ್‌ಎಫ್-ಕಪ್ಪಾ-ಬಿ ಚಾಲೂ ಮಾಡುವ ಮೊದಮೊದಲ ಜೀನ್‌ಗಳಲ್ಲಿ ಐ-ಕಪ್ಪಾ-ಬಿಯದೂ ಒಂದು. ತನ್ನನ್ನು ಕಟ್ಟಿಹಾಕುವುದನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ಆರೋಗ್ಯವಂತ ದೇಹದಲ್ಲಿ ಉರಿಯೂತ ಶುರುವಾಗುವಾಗಲೇ ಮುಗಿಯುವ ಏರ್ಪಾಡೂ ಶುರುವಾಗಿರುತ್ತದೆ ಎನ್ನುವುದಕ್ಕೆ ಇಷ್ಟು ಚೊಕ್ಕ ಸಾಕ್ಷಿ ನನಗೆ ಬೇರೆ ಗೊತ್ತಿಲ್ಲ. ಕೊಲೈಟಿಸ್‌ನಂಥ ಕಾಯಿಲೆಯಲ್ಲಿ ಕೆಡುವುದು ಈ ಮುಗಿಸುವ ಕೆಲಸ.

ಇನ್ನು ಕ್ಯಾನ್ಸರಿಗೆ ಬರೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯಲ್ಲಿ ಮೈಕೆಲ್ ಕ್ಯಾರಿನ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮ ಅಣ್ಣನ ಕಾಯಿಲೆಗೆ ತೀರ ಹತ್ತಿರದ್ದು. ಇಲಿಗೆ ಅಝಾಕ್ಸಿಮೀಥೇನ್ ಎಂಬ ಕ್ಯಾನ್ಸರ್‌ಕಾರಕವನ್ನು ಒಮ್ಮೆ ಚುಚ್ಚಿ, ಆಮೇಲೆ ಡಿಎಸ್‌ಎಸ್ ಎಂಬ ರಾಸಾಯನಿಕವನ್ನು ಕುಡಿಯುವ ನೀರಿನಲ್ಲಿ ಕೆಲವು ದಿನ ಕೊಟ್ಟು, ಬಿಟ್ಟು, ಮತ್ತೆ ಕೊಡುತ್ತಾರೆ. ಡಿಎಸ್‌ಎಸ್ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಇಲಿಯ ತೂಕ ಇಳಿಯುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ, ಕೆಲವು ವಾರಗಳಲ್ಲಿ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಏಳುತ್ತವೆ. ಕ್ಯಾರಿನ್ ತಂಡ ಐಕೆಕೆ ಕಿಣ್ವದ ಬೀಟಾ ಭಾಗವನ್ನು ಒಂದು ಗುಂಪಿನ ಇಲಿಗಳಲ್ಲಿ ಕರುಳಿನ ಒಳಪದರದ ಜೀವಕೋಶಗಳಿಂದ ಮಾತ್ರ ತೆಗೆದುಹಾಕಿತು, ಇನ್ನೊಂದು ಗುಂಪಿನಲ್ಲಿ ಮ್ಯಾಕ್ರೋಫೇಜ್ ಮೊದಲಾದ ಪ್ರತಿರಕ್ಷಣಾ ಜೀವಕೋಶಗಳಿಂದ ಮಾತ್ರ ತೆಗೆದುಹಾಕಿತು.

ಮೊದಲ ಗುಂಪಿನಲ್ಲಿ ಗಡ್ಡೆಗಳ ಸಂಖ್ಯೆ ಸುಮಾರು 80 ಶೇಕಡಾ ಕುಸಿಯಿತು. ಆದರೆ ಉರಿಯೂತ ತಗ್ಗಲಿಲ್ಲ! ಕೆಟ್ಟ ಜೀವಕೋಶಗಳನ್ನು ಸಾಯದಂತೆ ಕಾಯುತ್ತಿದ್ದ ಸಂಕೇತ ಕಡಿದುಹೋದದ್ದರಿಂದ ಅವು ಮೊದಲ ಹಂತದಲ್ಲೇ ಸತ್ತಿದ್ದವು. ಎರಡನೆಯ ಗುಂಪಿನಲ್ಲಿ ಉರಿಯೂತದ ರಾಸಾಯನಿಕಗಳು ತಗ್ಗಿದವು, ಗಡ್ಡೆಗಳು ಬೆಳೆಯದೆ ಚಿಕ್ಕದಾಗಿ ಉಳಿದವು. ಅಂದರೆ ಒಂದೇ ಕಿಣ್ವ ಒಂದು ಜಾಗದಲ್ಲಿ ಗಡ್ಡೆಯ ಬೀಜವನ್ನು ಕಾಪಾಡುತ್ತಿತ್ತು, ಪಕ್ಕದ ಜೀವಕೋಶದಲ್ಲಿ ಅದಕ್ಕೆ ಗೊಬ್ಬರ ಒದಗಿಸುತ್ತಿತ್ತು.

ಹಾಗಾದರೆ ಎಲ್ಲ ಕಡೆ ಈ ಕಿಣ್ವವನ್ನು ತಡೆದುಬಿಡೋಣ ಎನ್ನುವಿರಾ? ಮರುವರ್ಷವೇ ಅದೇ ತಂಡ ಇಲಿಯ ಯಕೃತ್ತಿನ ಮುಖ್ಯ ಜೀವಕೋಶಗಳಿಂದ ಐಕೆಕೆ ಬೀಟಾ ತೆಗೆದು ಕ್ಯಾನ್ಸರ್‌ಕಾರಕ ಕೊಟ್ಟಿತು. ಅಲ್ಲಿ ಗಡ್ಡೆಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು. ರಕ್ಷಣೆಯಿಲ್ಲದ ಯಕೃತ್ತಿನ ಜೀವಕೋಶಗಳು ರಾಶಿರಾಶಿಯಾಗಿ ಸತ್ತವು, ಆ ಜಾಗ ತುಂಬಲು ಉಳಿದವು ಅವಸರದಲ್ಲಿ ವಿಭಜನೆಗೊಂಡವು, ಕ್ಯಾನ್ಸರಿಗೆ ಬೇಕಾದ ಅವಕಾಶ ಅಲ್ಲೇ ಸಿಕ್ಕಿತು. ಒಂದೇ ಸಂಕೇತ, ಅಂಗ ಬೇರೆಯಾದೊಡನೆ ಫಲ ತಿರುಗುಮುರುಗು. ಈ ಎರಡು ಪ್ರಬಂಧಗಳನ್ನು ಜೊತೆಗಿಟ್ಟು ಓದಿದ ಮೇಲೆ ಉರಿಯೂತನಾಶಕ ಆಹಾರ ಎಂಬ ಫಲಕ ಕಂಡರೆ ನನಗೆ ಸ್ವಲ್ಪ ಸಿಡಿಮಿಡಿಯಾಗುತ್ತದೆ.

ಉರಿಯೂತ ಬೇಕೆಂದೇ ಹೊತ್ತಿಸುವ ಚಿಕಿತ್ಸೆಯೂ ಇದೆ. ನಮ್ಮ ತೋಳಿನ ಮೇಲೆ ಕಲೆ ಉಳಿಸಿರುವ ಬಿಸಿಜಿ ಲಸಿಕೆ ಗೊತ್ತಲ್ಲ? ಅದರೊಳಗಿನ ಬ್ಯಾಕ್ಟೀರಿಯಾವನ್ನೇ ಮೂತ್ರಕೋಶದೊಳಗೆ ಬಿಟ್ಟು, ಅಲ್ಲಿನ ಆರಂಭಿಕ ಕ್ಯಾನ್ಸರ್ ಮರುಕಳಿಸದಂತೆ ತಡೆಯುವ ವಿಧಾನವನ್ನು ಕೆನಡಾದ ಅಲ್ವಾರೊ ಮೊರಾಲೆಸ್ 1976ರಲ್ಲಿ ವರದಿ ಮಾಡಿದರು. ಇಂದಿಗೂ ಬಳಕೆಯಲ್ಲಿದೆ.

ಮನುಷ್ಯರಲ್ಲಿ ಉರಿಯೂತ ತಗ್ಗಿಸಿ ನೋಡಿದ ದೊಡ್ಡ ಪರೀಕ್ಷೆಗಳೂ ಹೀಗೇ ಗೋಜಲು. ಹೃದಯಾಘಾತವಾಗಿದ್ದ 10,061 ಜನರ ಮೇಲೆ ನಡೆದ ಕ್ಯಾಂಟೋಸ್ ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತವನ್ನು ತಡೆಯುವ ಕ್ಯಾನಕಿನುಮ್ಯಾಬ್ ಔಷಧ ಕೊಟ್ಟರು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗಮನಾರ್ಹವಾಗಿ ಕಡಿಮೆ ಕಂಡಿತು. 2017ರಲ್ಲಿ ಫಲಿತಾಂಶ ಹೊರಬಂದಾಗ ನಮ್ಮಂಥವರೆಲ್ಲ ಹಿಗ್ಗಿದ್ದೆವು. ಅದೇ ಔಷಧ ಪಡೆದವರಲ್ಲಿ ಸೋಂಕಿನಿಂದಾದ ಸಾವು ಮಾತ್ರ ಹೆಚ್ಚಿತ್ತು. ಮುಂದೆ ಶ್ವಾಸಕೋಶದ ಕ್ಯಾನ್ಸರ್ ಆಗಲೇ ಬಂದವರಿಗೆ ಅದನ್ನೇ ಕೊಟ್ಟು ನೋಡಿದ ಮೂರು ಪರೀಕ್ಷೆಗಳೂ ಸೋತವು. ಆಸ್ಪಿರಿನ್ ಕಥೆಯೂ ಇಂಥದೇ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆಯಿರುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರನ್ನು ಅದು ತಗ್ಗಿಸಿತು. ಆದರೆ 19,114 ಆರೋಗ್ಯವಂತ ವೃದ್ಧರಲ್ಲಿ ನಡೆದ ಆಸ್ಪ್ರೀ ಪರೀಕ್ಷೆಯಲ್ಲಿ ಆಸ್ಪಿರಿನ್ ತೆಗೆದುಕೊಂಡವರಲ್ಲೇ ಕ್ಯಾನ್ಸರ್ ಸಾವು ಹೆಚ್ಚು ಕಂಡಿತು.

ಅರಿಶಿನಕ್ಕೆ ಬರುತ್ತೇನೆ. ಅದರೊಳಗಿನ ಕರ್ಕ್ಯುಮಿನ್ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿಯನ್ನು ತಡೆಯುತ್ತದೆ ಎಂಬ ವರದಿಗಳೇನೋ ಬೇಕಾದಷ್ಟಿವೆ, ಅವುಗಳಲ್ಲಿ ಕೆಲವನ್ನು ಆಮೇಲೆ ಹಿಂತೆಗೆದುಕೊಂಡಿದ್ದೂ ಆಗಿದೆ. ಬಾಯಿಂದ ತೆಗೆದುಕೊಂಡ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ನ್ಯಾಯವಾಗಿ ಹೇಳಬೇಕೆಂದರೆ, ಮೆಸಲಮೈನ್ ಜೊತೆಗೆ ಕರ್ಕ್ಯುಮಿನ್ ಕೊಟ್ಟ ಸಣ್ಣ ಪರೀಕ್ಷೆಗಳಲ್ಲಿ ಕೊಲೈಟಿಸ್ ರೋಗಿಗಳಿಗೆ ಸ್ವಲ್ಪ ಅನುಕೂಲ ಕಂಡಿದೆ. ಜೊತೆಗೆ, ಬದಲಿಗೆ ಅಲ್ಲ. ಹೀರಿಕೆ ಹೆಚ್ಚಲೆಂದು ಕರಿಮೆಣಸಿನ ಸಾರ ಬೆರೆಸಿದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಅಮೆರಿಕ, ಇಟಲಿಗಳಿಂದ ವರದಿಯಾಗಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಇದಾವುದೂ ಅನ್ವಯಿಸುವುದಿಲ್ಲ, ಅದನ್ನು ಧಾರಾಳವಾಗಿ ಹಾಕಿಕೊಳ್ಳಲಿ.

ಅಣ್ಣನ ಕಾಯಿಲೆಯಲ್ಲಿ ಕರುಳಿನ ಒಳಪದರದ ಉರಿಯೂತವನ್ನು ಹತೋಟಿಯಲ್ಲಿಡುವುದು ನಿಜಕ್ಕೂ ಮುಖ್ಯ. ಹೊಟ್ಟೆನೋವಿಲ್ಲ, ರಕ್ತ ಹೋಗುತ್ತಿಲ್ಲ ಎಂದರೆ ಒಳಪದರ ವಾಸಿಯಾಗಿದೆ ಎಂದಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೊಟೀನನ್ನು ಅಳೆಯುವ ಪರೀಕ್ಷೆ ಅದರ ಸುಳಿವು ಕೊಡುತ್ತದೆ. ಕಾಯಿಲೆ ಶುರುವಾಗಿ ಎಂಟು ವರ್ಷವಾದ ಹೊತ್ತಿಗೆ ಕ್ಯಾನ್ಸರ್ ತಪಾಸಣೆಗೆಂದೇ ಕೊಲೊನೋಸ್ಕೋಪಿ ಆರಂಭಿಸಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ, ಪಿತ್ತನಾಳಗಳ ತೊಂದರೆಯೂ ಇದ್ದರೆ ಇನ್ನೂ ಮೊದಲೇ. ಅಣ್ಣನಿಗೆ ಒಂಬತ್ತಾಗಿದೆ. ಆಗಿಲ್ಲದಿದ್ದರೆ ಈ ವಾರವೇ ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿ ಕೇಳಿ, ಕ್ಯಾಪ್ಸೂಲ್‌ನ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗುವ ಅಭ್ಯಾಸವಿದ್ದರೆ ಅದನ್ನೂ ಹೇಳಲಿ. ಅದು ಉರಿಯೂತ ತಗ್ಗಿಸುವ ಮಾತ್ರೆಯೇ ಆದರೂ ಕೊಲೈಟಿಸನ್ನು ಕೆರಳಿಸಬಲ್ಲದು.