ಮಗುವನ್ನು ಯಾರಿಗೆ ತೋರಿಸೋಣ ಅಂತ ಕೇಳಿದ್ದೀರಿ

ನಮಸ್ಕಾರ. ನೀವು ಬೆಂಗಳೂರಿನಿಂದ ಅಮೆರಿಕದ ನ್ಯೂಜೆರ್ಸಿಗೆ ಬಂದು ಐದು ತಿಂಗಳು. ನಿಮ್ಮ ಮಗನಿಗೆ ಏಳು ವರ್ಷ, ಸೆಕೆಂಡ್ ಗ್ರೇಡ್. ಗಮನ ಕೊಡುವುದಿಲ್ಲ, ಓದಿನಲ್ಲಿ ಹಿಂದೆ, ಯಾರ ಜೊತೆಗೂ ಮಾತಾಡುವುದಿಲ್ಲ ಅಂತ ಟೀಚರ್ ಬರೆದು ಕಳಿಸಿದ್ದಾರೆ. ಸೈಕಾಲಜಿಸ್ಟಾ, ಸೈಕಿಯಾಟ್ರಿಸ್ಟಾ, ನ್ಯೂರಾಲಜಿಸ್ಟಾ ಎಂಬುದು ನಿಮ್ಮ ಪ್ರಶ್ನೆ. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ: ನಿಮಗೆ ಬೇಕಾಗಿರುವುದು ಏನು? ಶಾಲೆಯಲ್ಲಿ ಸಹಾಯವೋ, ತೊಂದರೆಗೆ ಒಂದು ಹೆಸರೋ, ಚಿಕಿತ್ಸೆಯೋ? ಈ ದೇಶದಲ್ಲಿ ಈ ಮೂರಕ್ಕೂ ಬಾಗಿಲು ಬೇರೆ ಬೇರೆ. ತಪ್ಪು ಬಾಗಿಲು ತಟ್ಟಿದರೆ ದುಡ್ಡಿನ ಜೊತೆ ಒಂದು ಶಾಲಾವರ್ಷವೂ ಹೋಗುತ್ತದೆ.

ಮೊದಲು ಕಿವಿ, ಕಣ್ಣು. ಶಾಲೆಯ ನರ್ಸ್ ಮಾಡುವ ತಪಾಸಣೆ ಮೇಲುಮೇಲಿನದು. ಮಕ್ಕಳ ಡಾಕ್ಟರಿಂದ ಚೀಟಿ ಪಡೆದು ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಹತ್ತಿರ ಕಿವಿಯ ಪೂರ್ತಿ ಪರೀಕ್ಷೆ ಮಾಡಿಸಿ. ನೆಗಡಿಯ ನಂತರ ಕಿವಿಯೊಳಗೆ ನೀರು ನಿಂತ ಮಗು, ನೋಡುವವರಿಗೆ ಗಮನ ಕೊಡದ ಮಗುವಿನಂತೆಯೇ ಕಾಣುತ್ತದೆ.

ಆಮೇಲೆ ಭಾಷೆ. ಹೊಸ ಭಾಷೆಯ ತರಗತಿಯಲ್ಲಿ ಕೂತ ಮಗು ಕೆಲವು ತಿಂಗಳು ಬಾಯಿ ಬಿಡದಿರುವುದು ಸಹಜ, ಅದು ರೋಗವಲ್ಲ. ಆದ್ದರಿಂದ ಮನೆಯಲ್ಲಿ, ಕನ್ನಡದಲ್ಲಿ, ಅವನು ಹೇಗಿದ್ದಾನೆ ನೋಡಿ. "ಚಪ್ಪಲಿ ಬಿಟ್ಟು, ಕೈ ತೊಳೆದು, ತಟ್ಟೆ ತಗೊಂಡು ಬಾ" ಅಂದರೆ ಮೂರೂ ಆಗುತ್ತವೆಯಾ? ಅಜ್ಜಿಗೆ ಫೋನಿನಲ್ಲಿ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾನಾ? ಪಾರ್ಕಿನಲ್ಲಿ ಕನ್ನಡದ ಮಕ್ಕಳ ಜೊತೆ ಸೇರುತ್ತಾನಾ? ಕನ್ನಡದಲ್ಲೂ ಇದೇ ತೊಡಕಿದ್ದರೆ ತಪ್ಪು ಇಂಗ್ಲಿಷಿನದ್ದಲ್ಲ. ಕನ್ನಡದಲ್ಲಿ ಚೆನ್ನಾಗಿದ್ದು ಶಾಲೆಯಲ್ಲಿ ಮಾತ್ರ ಮಂಕಾಗಿದ್ದರೆ, ಮೊದಲು ಇಎಸ್ಎಲ್ ಟೀಚರ್ (ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು) ಜೊತೆ ಕೂತು ಮಾತಾಡಿ. ಓದಿನ ವಿಷಯದಲ್ಲಿ ಒಂದು ಎಚ್ಚರ: ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ ಡಿಸ್ಲೆಕ್ಸಿಯಾ (ಅಕ್ಷರ ಓದುವುದರಲ್ಲಿನ ತೊಡಕು) ಇರುವ ಮಗು ತಪ್ಪಿಗಿಂತ ಹೆಚ್ಚಾಗಿ ನಿಧಾನವನ್ನು ತೋರಿಸಬಹುದು. ಇಂಗ್ಲಿಷಿನ ಅಡ್ಡಾದಿಡ್ಡಿ ಕಾಗುಣಿತ ಸಿಕ್ಕಾಗ ಅದೇ ಮಗು ಎಡವುತ್ತದೆ. ಮತ್ತೆ, ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ ಸಲಹೆ ಕೊಡುವವರು ಈಗಲೂ ಸಿಗುತ್ತಾರೆ. ಕೇಳಬೇಡಿ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ, ಕಲಿಕೆಯ ತೊಂದರೆಯೂ ಬರುವುದಿಲ್ಲ.

ಈಗ ಶಾಲೆ. ಸರ್ಕಾರಿ ಶಾಲೆ ಮಾಡುವ ಮಗುವಿನ ಮೌಲ್ಯಮಾಪನಕ್ಕೆ ನೀವು ಒಂದು ಡಾಲರ್ ಕೊಡಬೇಕಿಲ್ಲ. ಐಡಿಯಾ ಎಂಬ ಕೇಂದ್ರ ಕಾನೂನಿನಂತೆ 3ರಿಂದ 21 ವರ್ಷದವರಿಗೆ ಅದು ಹಕ್ಕು. ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾವ ಕಾಗದಪತ್ರವಿದ್ದರೂ ಇಲ್ಲದಿದ್ದರೂ ಮಗುವನ್ನು ಶಾಲೆಯಿಂದ ಹೊರಗಿಡುವಂತಿಲ್ಲ ಅಂತ 1982ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬಾಯಲ್ಲಿ ಕೇಳಿದರೆ ಕಾಲಮಿತಿಯ ಗಡಿಯಾರ ಓಡುವುದಿಲ್ಲ. ಸ್ಪೆಷಲ್ ಎಜುಕೇಶನ್ ಡೈರೆಕ್ಟರಿಗೆ ಬರೆದು ಕೊಡಿ, ಪ್ರಿನ್ಸಿಪಾಲರಿಗೂ ಪ್ರತಿ ಹೋಗಲಿ. ತಾರೀಖು, ಮಗುವಿನ ಹೆಸರು, ಹುಟ್ಟಿದ ದಿನ, "ವಿಶೇಷ ಶಿಕ್ಷಣದ ಮೌಲ್ಯಮಾಪನ ಮಾಡಬೇಕೆಂದು ಕೋರುತ್ತೇವೆ" ಎಂಬ ಒಂದು ನೇರ ವಾಕ್ಯ, ಕಂಡಿರುವ ನಾಲ್ಕೈದು ತೊಂದರೆ ಉದಾಹರಣೆ ಸಹಿತ. ಇಷ್ಟು ಸಾಕು. ನ್ಯೂಜೆರ್ಸಿಯಲ್ಲಿ ಪತ್ರ ತಲುಪಿದ 20 ದಿನದೊಳಗೆ ಚೈಲ್ಡ್ ಸ್ಟಡಿ ಟೀಮ್ ನಿಮ್ಮನ್ನು ಸಭೆಗೆ ಕರೆಯಬೇಕು. ಸ್ಕೂಲ್ ಸೈಕಾಲಜಿಸ್ಟ್, ಕಲಿಕಾ ನ್ಯೂನತೆಯ ತಜ್ಞ ಟೀಚರ್, ಸೋಷಿಯಲ್ ವರ್ಕರ್ ಆ ತಂಡದಲ್ಲಿರುತ್ತಾರೆ. ನೀವು ಒಪ್ಪಿಗೆಗೆ ಸಹಿ ಹಾಕಿದ 90 ದಿನದೊಳಗೆ ಪರೀಕ್ಷೆ, ತೀರ್ಮಾನ, ಅರ್ಹನಾದರೆ ಐಇಪಿ (ಆ ಮಗುವಿಗೆಂದೇ ಬರೆದ ವಿಶೇಷ ಶಿಕ್ಷಣದ ಯೋಜನೆ) ಎಲ್ಲ ಮುಗಿದು ಜಾರಿಗೆ ಬರಬೇಕು. ತೀರ್ಮಾನದ ಸಭೆಗೆ 10 ದಿನ ಮುಂಚೆ ವರದಿಗಳು ನಿಮ್ಮ ಕೈಸೇರಬೇಕು. ಬೇರೆ ರಾಜ್ಯದಲ್ಲಿರುವವರಿಗೆ ಈ ಲೆಕ್ಕ ಬೇರೆ.

"ಮೊದಲು ಎಂಟು ವಾರ ಹೆಚ್ಚುವರಿ ಪಾಠ ಕೊಟ್ಟು ನೋಡೋಣ" ಎಂಬ ಉತ್ತರ ಬಂದರೆ, ಕೊಡಲಿ, ಒಳ್ಳೆಯದೇ. ಆದರೆ ಅದರ ನೆಪದಲ್ಲಿ ಮೌಲ್ಯಮಾಪನ ಮುಂದೂಡುವಂತಿಲ್ಲ. ಸಭೆಗೆ ದುಭಾಷಿ ಬೇಕಾದರೆ "ಕನ್ನಡ" ಅಂತಲೇ ಬರೆಯಿರಿ. ಭಾರತದವರು ಅಂದ ಕೂಡಲೇ ಹಿಂದಿಯವರನ್ನು ಕರೆಸಿಬಿಡುವುದುಂಟು. ಮಗುವಿನ ಭಾಷೆಯಲ್ಲಿ ಪರೀಕ್ಷಿಸಬೇಕು, ತೀರಾ ಸಾಧ್ಯವಾಗದಿದ್ದರೆ ಮಾತ್ರ ವಿನಾಯಿತಿ ಎಂಬುದು ಕಾನೂನು. ಅಮೆರಿಕದ ಮಕ್ಕಳ ಮೇಲೆ ಅಳತೆ ಕಟ್ಟಿದ ವಿಸ್ಕ್-5 ಎಂಬ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಐದು ತಿಂಗಳ ಹಿಂದೆ ಬಂದ ಹುಡುಗನ ಪದಜ್ಞಾನದ ಅಂಕ ಕಡಿಮೆ ಬಂದರೆ ಅದು ಬುದ್ಧಿಯ ಅಳತೆಯಲ್ಲ. ಮಾತಿನ ಮೇಲೆ ನಿಲ್ಲದ ನಾನ್‌ವರ್ಬಲ್ ಇಂಡೆಕ್ಸನ್ನೂ ವರದಿಯಲ್ಲಿ ಕೊಡಿ ಅಂತ ಮೊದಲೇ ಕೇಳಿ.

ಶಾಲೆಯವರು ಹೇಳುವುದು ಮಗು ಸೇವೆಗೆ ಅರ್ಹನೋ ಅಲ್ಲವೋ ಅಂತ. ವೈದ್ಯಕೀಯ ಹೆಸರು ಕೊಡುವುದು ಅವರ ಕೆಲಸವಲ್ಲ. ಹಾಗೆಯೇ ಹೊರಗಿನ ಡಾಕ್ಟರ್ ಹೆಸರು ಕೊಟ್ಟ ಮಾತ್ರಕ್ಕೆ ಐಇಪಿ ಸಿಗುವುದಿಲ್ಲ, ಓದಿಗೆ ಪೆಟ್ಟು ಬಿದ್ದಿದೆ ಅಂತ ತೋರಬೇಕು. ಐಇಪಿ ಸಿಗದಿದ್ದರೆ 504 ಪ್ಲಾನ್ ಕೇಳಿ. ಪರೀಕ್ಷೆಗೆ ಹೆಚ್ಚು ಸಮಯ, ಮುಂದಿನ ಸಾಲಿನಲ್ಲಿ ಜಾಗ, ಇಂಥವು ಅದರಲ್ಲಿ ಬರುತ್ತವೆ. ಶಾಲೆಯ ವರದಿ ಒಪ್ಪಿಗೆಯಾಗದಿದ್ದರೆ ಶಾಲೆಯ ಖರ್ಚಿನಲ್ಲೇ ಹೊರಗಿನವರಿಂದ ಸ್ವತಂತ್ರ ಮೌಲ್ಯಮಾಪನ ಕೇಳಬಹುದು. ಅವರು ಒಪ್ಪಬೇಕು, ಇಲ್ಲವೇ ತಮ್ಮ ವರದಿ ಸರಿಯೆಂದು ವಿಚಾರಣೆಯಲ್ಲಿ ಸಾಧಿಸಬೇಕು. ಅದಕ್ಕೇ ಮೊದಲೇ ಕೈಯಿಂದ ದುಡ್ಡು ಸುರಿಯಬೇಡಿ ಅನ್ನುವುದು. ಪತ್ರ ಬರೆಯಲು, ಸಭೆಗೆ ತಯಾರಾಗಲು ನ್ಯೂಜೆರ್ಸಿಯಲ್ಲಿ ಸ್ಪ್ಯಾನ್ ಎಂಬ ಪೋಷಕರ ಸಂಸ್ಥೆ ಇದೆ.

ಹೊರಗಿನವರಲ್ಲಿ ಯಾರು? ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಒಂದೇ ಅನುಮಾನವಾದರೆ ನಿಮ್ಮ ಮಕ್ಕಳ ಡಾಕ್ಟರೇ ಸಾಕು. ವ್ಯಾಂಡರ್‌ಬಿಲ್ಟ್ ಎಂಬ ಪ್ರಶ್ನಾವಳಿಯನ್ನು ನಿಮಗೊಂದು, ಟೀಚರಿಗೊಂದು ಕೊಡುತ್ತಾರೆ. ಲಕ್ಷಣ ಎರಡು ಕಡೆ, ಕನಿಷ್ಠ ಆರು ತಿಂಗಳು ಕಾಣಿಸಿರಬೇಕು. ನಿಮ್ಮ ಮಗ ಇಲ್ಲಿಗೆ ಬಂದೇ ಐದು ತಿಂಗಳಾದ್ದರಿಂದ ಬೆಂಗಳೂರಿನ ಟೀಚರಿಂದಲೂ ನಾಲ್ಕು ಸಾಲು ಬರೆಸಿ ತರಿಸಿ. ಆಟಿಸಂ ಅನುಮಾನವಿದ್ದರೆ ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್ (ಬೆಳವಣಿಗೆಯ ತೊಂದರೆ ನೋಡುವ ಮಕ್ಕಳ ಡಾಕ್ಟರ್), ಅಥವಾ ಎಡಾಸ್ ಎಂಬ ಆಟಿಸಂ ಪರೀಕ್ಷೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್. ಓದು, ಗಮನ, ಆತಂಕ ಮೂರೂ ಹೆಣೆದುಕೊಂಡು ಯಾವುದು ಮೂಲ ಅಂತ ತಿಳಿಯದಿದ್ದಾಗ ನ್ಯೂರೋಸೈಕಾಲಜಿಸ್ಟ್ (ನೆನಪು, ಗಮನ, ಭಾಷೆಯಂಥ ಮಿದುಳಿನ ಕೆಲಸಗಳನ್ನು ಪರೀಕ್ಷೆಗಳಿಂದ ಅಳೆಯುವವರು). ಸೈಕಿಯಾಟ್ರಿಸ್ಟ್ ಔಷಧಿ ಬೇಕಾದಾಗ, ಅಥವಾ ಆತಂಕ, ಖಿನ್ನತೆ ತೀವ್ರವಾದಾಗ. ನ್ಯೂರಾಲಜಿಸ್ಟ್ ಬೇಕಾಗುವುದು ಫಿಟ್ಸ್, ಇದ್ದಕ್ಕಿದ್ದಂತೆ ಶೂನ್ಯದತ್ತ ನೋಡುತ್ತ ನಿಲ್ಲುವುದು, ಕಲಿತದ್ದು ಮರೆತುಹೋಗುವುದು ಇದ್ದರೆ, ಓದಿನ ತೊಂದರೆಗಲ್ಲ. ಮಾತಿಗೆ ಸ್ಪೀಚ್ ಪೆಥಾಲಜಿಸ್ಟ್. ಬಿಸಿಬಿಎ ಎಂಬ ಪ್ರಮಾಣಪತ್ರದವರು ವರ್ತನೆಯ ಚಿಕಿತ್ಸೆ ಕೊಡುವವರು, ರೋಗ ನಿರ್ಣಯ ಅವರ ಅಧಿಕಾರದಲ್ಲಿಲ್ಲ. ಡಿಸ್ಲೆಕ್ಸಿಯಾಕ್ಕೆ ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಮಾರುವವರಿಂದ ದೂರ ಇರಿ.

ಸಮಯ ಗೊತ್ತುಮಾಡುವ ಮುಂಚೆ ಫೋನಿನಲ್ಲಿ ಕೇಳಿ: ಈ ವಯಸ್ಸಿನ, ಎರಡು ಭಾಷೆಯ ಮಕ್ಕಳನ್ನು ನೋಡುತ್ತೀರಾ? ಟೀಚರ ಅಭಿಪ್ರಾಯ ತರಿಸುತ್ತೀರಾ? ಪರೀಕ್ಷೆ ಎಷ್ಟು ಗಂಟೆ? ಬರಹದ ವರದಿ ಯಾವಾಗ? ಐಇಪಿ ಸಭೆಗೆ ಫೋನಿನಲ್ಲಾದರೂ ಬರುತ್ತೀರಾ? ಒಂದೇ ಗಂಟೆಯಲ್ಲಿ ಹೆಸರು ಕೊಡುತ್ತೇವೆ ಅಂದರೆ ಬೇರೆಯವರನ್ನು ನೋಡಿ. ವೇಟಿಂಗ್ ಲಿಸ್ಟ್ ಎಲ್ಲೆಲ್ಲೂ ತಿಂಗಳುಗಟ್ಟಲೆ. ಎರಡು ಮೂರು ಕಡೆ ಹೆಸರು ಬರೆಸಿ, ಯಾರಾದರೂ ರದ್ದು ಮಾಡಿದರೆ ಕರೆಯಿರಿ ಅಂತ ಹೇಳಿಡಿ.

ನ್ಯೂರೋಸೈಕ್ ಪರೀಕ್ಷೆ ಕೈಯಿಂದ ಕೊಟ್ಟರೆ ಸಾವಿರಾರು ಡಾಲರ್. ಇನ್ಶೂರೆನ್ಸ್‌ನವರು "ಶೈಕ್ಷಣಿಕ ಪರೀಕ್ಷೆ" ಎಂಬ ಕಾರಣ ಕಂಡರೆ ತಳ್ಳಿಹಾಕುತ್ತಾರೆ. ಮುಂಚಿತ ಅನುಮತಿ ಪಡೆಯುವಾಗ ಈ ಪರೀಕ್ಷೆಯ 96132, 96136 ಎಂಬ ಬಿಲ್ಲಿನ ಕೋಡುಗಳಿಗೆ ಪ್ಲಾನಿನಲ್ಲಿ ದುಡ್ಡು ಬರುತ್ತದೆಯೇ ಅಂತ ಕೇಳಿ, ಮಾತಾಡಿದ ತಾರೀಖು ಬರೆದಿಡಿ. ಕಂಪನಿಯೇ ದುಡ್ಡು ಹಾಕುವ ಸೆಲ್ಫ್‌ಫಂಡೆಡ್ ಪ್ಲಾನಿಗೆ ರಾಜ್ಯದ ಆಟಿಸಂ ವಿಮಾ ಕಾನೂನು ಅನ್ವಯಿಸುವುದಿಲ್ಲ. ನಿಮ್ಮದು ಯಾವುದು ಅಂತ ಎಚ್‌ಆರ್ ಹತ್ತಿರ ವಿಚಾರಿಸಿ.

ನಮ್ಮವರು ಎಡವುವ ಜಾಗ ಪ್ರಶ್ನಾವಳಿ. ನಾಚಿಕೆಯಿಂದ ಎಲ್ಲದಕ್ಕೂ "ಇಲ್ಲ" ಅಂತ ಗುರುತು ಹಾಕಿದರೆ, ಟೀಚರ್ ಬರೆದದ್ದಕ್ಕೂ ನೀವು ಬರೆದದ್ದಕ್ಕೂ ತಾಳೆಯಾಗದೆ ತೀರ್ಮಾನವೇ ಆಗದು. ಅಪ್ಪ ಅಮ್ಮ ಬೇರೆ ಬೇರೆ ಕೂತು ತುಂಬಿ. ಇನ್ನೊಂದು: ಶಾಲೆಯವರು ವಿಸ್ಕ್ ಮಾಡಿದ ಮೇಲೆ ಒಂದು ವರ್ಷದೊಳಗೆ ಹೊರಗಿನವರಿಂದ ಅದನ್ನೇ ಮಾಡಿಸಬೇಡಿ. ಮಗುವಿಗೆ ರೂಢಿಯಾಗಿ ಅಂಕ ಏರುತ್ತದೆ, ವರದಿ ಹಾಳಾಗುತ್ತದೆ. ಯಾರು ಯಾವ ಪರೀಕ್ಷೆ ಮಾಡಿದರು ಅಂತ ಇಬ್ಬರಿಗೂ ತಿಳಿಸಿ.

ಊರಿನ ವರದಿ ಇದ್ದರೆ ಎಸೆಯಬೇಡಿ. ನಿಮ್ಹಾನ್ಸ್‌ನದ್ದೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಯದ್ದೋ ಆದರೆ ಇಲ್ಲಿನ ತಂಡ ಅದನ್ನು ಪರಿಗಣಿಸಬೇಕು, ಆದರೆ ಆ ಅಂಕಕ್ಕೆ ಕಟ್ಟುಬೀಳಬೇಕಿಲ್ಲ. ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳಿಗಾಗಿಯೇ ರೂಪಿಸಿದ ಬಿನೆ-ಕಾಮತ್ ಪರೀಕ್ಷೆಯ ಹೆಸರನ್ನು ಇಲ್ಲಿಯವರು ಕೇಳಿರುವುದೇ ಅಪರೂಪ. ಅಂಕಕ್ಕಿಂತ ಕನ್ನಡದಲ್ಲಿ ಮಗು ಏನು ಮಾಡಿತು ಎಂಬ ವಿವರಣೆಯೇ ಇಲ್ಲಿ ಉಪಯೋಗಕ್ಕೆ ಬರುವುದು. ರಜೆಗೆ ಹೋದಾಗ ಮೈಸೂರಿನಲ್ಲಿ ಕನ್ನಡದ ಮಾತು, ಓದನ್ನು ಪರೀಕ್ಷಿಸಿಕೊಂಡು ಬರುವುದೂ ಒಳ್ಳೆಯ ಉಪಾಯ.

ಶಾಲೆಗೆ ಪತ್ರ, ಮಕ್ಕಳ ಡಾಕ್ಟರ ಅಪಾಯಿಂಟ್‌ಮೆಂಟ್, ವೇಟಿಂಗ್ ಲಿಸ್ಟಿನಲ್ಲಿ ಹೆಸರು, ಈ ಮೂರನ್ನೂ ಒಂದೇ ವಾರದಲ್ಲಿ ಮಾಡಿ. ಬೇಸಿಗೆ ರಜೆ ಬಂತಲ್ಲ ಅಂತ ಕಾಯಬೇಡಿ: ಜೂನಿನಲ್ಲಿ ಕೊಟ್ಟ ಪತ್ರಕ್ಕೂ ಆ 20 ದಿನದ ಲೆಕ್ಕ ರಜೆಯಲ್ಲೇ ಓಡುತ್ತಿರುತ್ತದೆ.